ಶಿಬಿರದ ಹಾಡಿಗೆ ಕುರಿ ಬಂದವು

ಓದುವ ಅಣ್ಣ-ತಮ್ಮಂದಿರಿಗೆ, ಅಕ್ಕ-ತಂಗಿಯರಿಗೆ ಶರಣು. ನಾನು ತಡವಾಗಿ ಶಾಲೆ ಕಲಿತವನು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಆಗಿನ ದಿನಗಳಲ್ಲಿ ಔರಾದ ಕಡೆಯ ನಮ್ಮಂಥ ಕುರಿ ಕಾಯುವ ಮನೆಗಳಲ್ಲಿ ಬೇಸಿಗೆ ಶಿಬಿರ ಎಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ನನಗೆ ಹತ್ತು ವರ್ಷ ದಾಟಿದ್ದರೂ ಶಾಲೆಯ ಮುಖ ನೋಡಿರಲಿಲ್ಲ. ನೋಡಬೇಕೆಂಬ ಆಸೆ ಮಾತ್ರ ಬಹಳವಿತ್ತು. ಭಾಲ್ಕಿಯಿಂದ ಬಸ್ಸಿನಲ್ಲಿ ಬಂದು ಔರಾದದ ಶಾಲೆಯಲ್ಲಿ ಶಿಬಿರ ನಡೆಸುತ್ತಿದ್ದ ಸುಮಿತ್ರಾ ಬಾಯಿ ಎಂಬ ಟೀಚರು, ನಮ್ಮೆಲ್ಲರ ಬಾಯಾರು, ಅಪ್ಪನ ಬೆನ್ನು ಹತ್ತಿ ನನ್ನನ್ನೂ ಸೇರಿಸಿಕೊಂಡರು. ಅಪ್ಪ ಒಂದು ಷರತ್ತು ಹಾಕಿದ.

"ಮುಗಿಯೋ ದಿನ ನಾ ಬಂದು ನೋಡ್ತೇನ್ರಿ ಬಾಯಾರ. ಹುಡುಗ ಏನರ ಕಲ್ತಿದ್ದು ಕಂಡ್ರ ಸಾಲಿಗಿ ಹಾಕ್ತೇನಿ. ಇಲ್ಲಂದ್ರ ಕುರಿ ಹಿಂದ."

ಅಂದಿನಿಂದ ನನಗೆ ಅದೇ ಚಿಂತೆ. ಆದರೆ ಅಲ್ಲಿ ಕಲಿಸುವುದೇ ಕಾಣಲಿಲ್ಲ. ಬೆಳಿಗ್ಗೆ ಹಾಡು, ಆಮೇಲೆ ಬೆಲ್ಲ-ಶೇಂಗಾ, ಲಗೋರಿ, ಮತ್ತೆ ಹಾಡು. ಒಂದು ಕನ್ನಡ, ಒಂದು ಮರಾಠಿ. ಯಾವುದಕ್ಕೆ ಕುಣಿಯಬೇಕು, ಯಾವುದಕ್ಕೆ ಸುಮ್ಮನಿರಬೇಕು ತಿಳಿಯದೆ ನಾನು ಎಲ್ಲದಕ್ಕೂ ಕೈ ಕಟ್ಟಿ ನಿಲ್ಲುತ್ತಿದ್ದೆ. ಪಕ್ಕದಲ್ಲಿ ಕೂರುತ್ತಿದ್ದ ಗೌತಮ ಮೂಗು ಹಿಡಿದು, "ಏ, ಕುರಿ ವಾಸ್ನಿ ಬರ್ಲಾಕತ್ತದ" ಎನ್ನುತ್ತಿದ್ದ. ಹಾಗೆಂದು ತನ್ನ ಶೇಂಗಾದಲ್ಲಿ ಅರ್ಧ ನನ್ನ ಕೈಗೇ ಸುರಿಯುತ್ತಿದ್ದ. ಅದೂ ನನಗೆ ಅರ್ಥವಾಗಲಿಲ್ಲ.

ಬಾಯಾರದು ಒಂದು ಪದ್ಧತಿ ಇತ್ತು. ಶಿಬಿರದ ಹಾಡನ್ನು ಮಕ್ಕಳೇ ಕಟ್ಟಬೇಕು, ಒಬ್ಬೊಬ್ಬರೂ ಮನೆಯಿಂದ ಒಂದು ಸಾಲು ತರಬೇಕು. ಗೌತಮ ತನ್ನ ಅಜ್ಜಿ ಬೀಸುವಾಗ ಹಾಡುವ ಮರಾಠಿ ಸಾಲು ತಂದ. ನನ್ನ ಸರದಿ ಬಂದಾಗ ಎದ್ದು ನಿಂತೆ.

"ನಮ್ಮನ್ಯಾಗ ಹಾಡಿಲ್ರಿ."

"ಮತ್ತ ದಿನಾ ಯಾರ ಜೋಡಿ ಮಾತಾಡ್ತಿ?"

"ಕುರಿ ಜೋಡಿರಿ."

"ಹಂಗಾರ ಅದ್ನೇ ಹೇಳು."

ಅಪ್ಪ ಸಂಜೆ ಹಿಂಡನ್ನು ಕರೆಯುವ ಕೂಗನ್ನೇ ನಾನು ಹಾಕಿದೆ: "ಟ್ರ್ರ್ಯೋ... ಹೋ ಬಾ, ಹೋ ಬಾ!" ಎಲ್ಲರೂ ನಕ್ಕರು. ಬಾಯಾರು ನಗಲಿಲ್ಲ. ಪ್ರತಿ ಸಾಲಿನ ಕೊನೆಗೆ ಅದನ್ನೇ ಇಟ್ಟರು. ಅಪ್ಪನ ಕೂಗನ್ನು ಅಪ್ಪನಿಗೇ ಕೇಳಿಸಿದರೆ ನಾನು ಕಲಿತಂತೆ ಹೇಗಾದೀತು ಎಂದು ನನಗೆ ಭಯ.

ಕೊನೆಯ ದಿನ ಅಪ್ಪ ಬಂದ. ಕುರಿ ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲವಾದ್ದರಿಂದ ಹಿಂಡನ್ನೂ ಹೊಡೆದುಕೊಂಡು ಬಂದು, ಗೇಟಿನ ಹೊರಗೆ ಬೇವಿನ ನೆರಳಿಗೆ ನಿಲ್ಲಿಸಿದ್ದ. ಏನಾದೀತೆಂದು ನಮಗ್ಯಾರಿಗೂ ಹೊಳೆಯಲಿಲ್ಲ. ಹಾಡಿನ ಮೊದಲ ಸಾಲು ಮುಗಿದು ಶಿಬಿರದ ಮಕ್ಕಳೆಲ್ಲ ಒಟ್ಟಿಗೆ ಅಪ್ಪನ ಕೂಗು ಹಾಕಿದ್ದೇ ತಡ, ಹಿಂಡು ಗೇಟು ನೂಕಿ ಮೈದಾನಕ್ಕೆ ನುಗ್ಗಿತು. ಧೂಳೆದ್ದಿತು. ಕಾಗದದ ತೋರಣ, ವೇದಿಕೆಯ ಚೆಂಡು ಹೂವಿನ ಹಾರ ಎಲ್ಲ ಅವುಗಳ ಬಾಯಿಗೆ ಹೋದವು. ಭಾಷಣಕ್ಕೆ ಬಂದ ಅತಿಥಿ ಕುರ್ಚಿ ಹತ್ತಿ ನಿಂತರು.

"ಬಾಯಾರ, ಹೊಸ ಹುಡುಗ್ರು ಬಂದಾರ್ರಿ, ಹಾಜ್ರಿ ಹಾಕ್ರಿ!" ಎಂದ ಗೌತಮ.

ಅಪ್ಪ ಗೇಟಿನಲ್ಲಿ ನಿಂತು ಕೂಗಿದ. ಚಿಕ್ಕ ಮಕ್ಕಳು ಆಟವೆಂದು ತಾವೂ ಕೂಗಿದರು. ಕುರಿಗಳು ಅತ್ತ ಓಡಿ, ಇತ್ತ ಓಡಿ, ನಡುವೆ ನಿಂತೇ ಬಿಟ್ಟವು.

"ಏ, ಬಾಯಿ ಮುಚ್ರೋ! ಅವು ಯಾರ ಮಾತ ಕೇಳ್ಬೇಕು?" ಎಂದು ಅಪ್ಪ ಗದರಿದ.

ಎಲ್ಲರೂ ಸುಮ್ಮನಾದ ಮೇಲೆ ಹಿಂಡನ್ನು ಹೊರಗೆ ತಂದ. ಎಲ್ಲ ಮುಗಿಯಿತೆಂದು ನಾನೂ ಹಿಂದೆ ಹೊರಟೆ.

"ನೀ ಎಲ್ಲಿಗಿ?"

"ಕುರಿ ಹಿಂದ. ನಾ ಏನೂ ಕಲ್ತಿಲ್ಲಲ್ಲಪ್ಪ."

"ನಿನಗ ಸಾಲಿ ಕಲಿ ಅಂತ ಕಳ್ಸಿದ್ರ, ನೀ ಸಾಲಿಗೇ ಕುರಿ ಕಾಯೋದು ಕಲ್ಸೀದಿ. ಇಲ್ಲೇ ಬೀಳು."

ಅದು ಬೈಗುಳವೋ ಮೆಚ್ಚುಗೆಯೋ ತಿಳಿಯಲಿಲ್ಲ. ಮುಖ ನೋಡೋಣವೆಂದರೆ ರುಮಾಲಿನ ತುದಿಯಿಂದ ಧೂಳು ಒರೆಸಿಕೊಳ್ಳುತ್ತಿದ್ದ. ಮಳೆಗಾಲಕ್ಕೆ ಮೊದಲು ತಾನೇ ಬಂದು ಶಾಲೆಯಲ್ಲಿ ನನ್ನ ಹೆಸರು ಹಚ್ಚಿಸಿದ.

ಈಗ ಬೀದರಿನಲ್ಲಿ ಸಣ್ಣ ನೌಕರಿ ಮಾಡುತ್ತೇನೆ. ಮಗಳ ಶಿಬಿರದಲ್ಲಿ ಹಾಡು ಸ್ಪೀಕರಿನಿಂದ ಬರುತ್ತದೆ, ಮಕ್ಕಳು ಚಂದ ಕುಣಿಯುತ್ತಾರೆ, ಯಾರೂ ಮನೆಯಿಂದ ಏನನ್ನೂ ತರಬೇಕಿಲ್ಲ. ಅಪ್ಪ ಈಗಿಲ್ಲ. ಆ ದಿನದ ನಂತರ ಅವನು ನನ್ನನ್ನು ಕುರಿ ಹಿಂದೆ ಒಮ್ಮೆಯೂ ಕರೆಯಲಿಲ್ಲ. ರಜೆಯಲ್ಲಿ ನಾನೇ ಹೊರಟರೂ "ಓದ್ಕೋ ಹೋಗು" ಎಂದು ಒಬ್ಬನೇ ನಡೆಯುತ್ತಿದ್ದ. ಶಾಲೆ ತಪ್ಪೀತೆಂದು ಅಷ್ಟು ಹೆದರಿದ್ದೆ, ಅದು ಸಿಕ್ಕಿತು. ಅಪ್ಪನ ಜೊತೆ ನಡೆಯುವುದು ಅದಕ್ಕೆ ಬೆಲೆಯಾಗಿ ಹೋಗುತ್ತದೆಂದು ಯಾರೂ ಹೇಳಿರಲಿಲ್ಲ.

ನಿಮಗೂ ಹೀಗೆ, ಸಿಕ್ಕಿತೋ ಹೋಯಿತೋ ತಿಳಿಯದ ಒಂದು ಬೇಸಿಗೆ ಇದ್ದರೆ ಬರೆಯಿರಿ. ಓದಿದರೆ ನನಗೂ ಸ್ವಲ್ಪ ತಿಳಿದೀತು.