ಚಿಪ್ಪಿನಲ್ಲಿ ಹುಟ್ಟದ ಹುಳ

ಮೂಗೂರಿನಲ್ಲಿ ಆ ಕಾಲದಲ್ಲಿ ಹುಟ್ಟಿದವರ ಅಂಗಿ ಎತ್ತಿ ನೋಡಿದರೆ ಹೊಕ್ಕುಳ ಸುತ್ತ ಮೂರು ಕಲೆ ಇರುತ್ತಿದ್ದವು. ನಮ್ಮಪ್ಪನಿಗೂ ಇದ್ದವು. ಎಲ್ಲವೂ ಗುರುಸಿದ್ದಮ್ಮನ ಕೈಕೆಲಸ. ಮಗುವಿನ ಹೊಟ್ಟೆ ಉಬ್ಬಿದರೆ, ಹಾಲು ಕಕ್ಕಿದರೆ, ಸುಮ್ಮನೆ ರಚ್ಚೆ ಹಿಡಿದರೂ ಸಾಕು, ಎತ್ತಿಕೊಂಡು ಅವಳ ಜಗಲಿಗೆ ಓಡುತ್ತಿದ್ದರು. ಅವಳು ಅರಿಶಿನದ ಕೊಂಬಿನ ತುದಿಯನ್ನು ದೀಪದಲ್ಲಿ ಕಾಯಿಸಿ, ಹೊಟ್ಟೆಯ ಮೇಲೆ ಮೂರು ಕಡೆ ಬರೆ ಹಾಕುತ್ತಿದ್ದಳು. ಮಗು ಕಿರುಚುತ್ತಿತ್ತು, ತಾಯಿ ಅಳುತ್ತಿದ್ದಳು, ಗುರುಸಿದ್ದಮ್ಮ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಮುಂದಿನ ಮಗುವನ್ನು ಕರೆಯುತ್ತಿದ್ದಳು. ಬದುಕಿದ ಮಕ್ಕಳು ಅವಳ ಕೈಗುಣದಿಂದ ಬದುಕಿದವು. ಸತ್ತ ಮಕ್ಕಳನ್ನು ದೇವರು ಕರೆಸಿಕೊಂಡ. ಹೀಗೆ ಹಂಚಿಕೊಂಡ ಮೇಲೆ ಅವಳ ಹೆಸರು ಕೆಡುವುದಾದರೂ ಹೇಗೆ?

ಕೆಡುವ ಹಾಗೆ ಮಾಡಿದ್ದು ಅವಳ ಮನೆಯ ನಾಯಿ. ಗಂಡ ಸತ್ತ ಮೇಲೆ ಅವಳ ಆರು ಕುರಿ ಕಾಯುತ್ತಿದ್ದದ್ದು ಕೆಂಚಿ ಎಂಬ ಆ ನಾಯಿಯೇ. ಅದಕ್ಕೀಗ ವಯಸ್ಸಾಗಿತ್ತು. ಎರಡು ಸೂಲಿನ ಮರಿಗಳೂ ತಿಂಗಳು ತುಂಬುವುದರೊಳಗೆ ಹೊಟ್ಟೆ ಗುಡಾಣ, ಕಾಲು ಕಡ್ಡಿ ಆಗಿ ಸತ್ತಿದ್ದವು. ಗುರುಸಿದ್ದಮ್ಮ ಒಂದನ್ನೂ ಬಿಡದೆ ಬರೆ ಹಾಕಿದ್ದಳು. ೧೯೧೨ರ ಸುಮಾರಿಗೆ ಮೂರನೆಯ ಸೂಲಿನಲ್ಲಿ ನಾಲ್ಕು ಹುಟ್ಟಿ, ಮೂರು ಹೋಗಿ, ಒಂದು ಉಳಿಯಿತು. ಅದರ ಹೊಟ್ಟೆಯೂ ಊದುತ್ತಿತ್ತು.

ಪಕ್ಕದ ಮನೆಯ ಕೆಂಪಯ್ಯನ ಬಾಯಿ ಸುಮ್ಮನಿರುವ ಪೈಕಿಯಲ್ಲ. "ಅಲ್ಲ ಕಣಕ್ಕ, ನಿನ್ ಬರೆ ನಿನ್ ಮನೆ ನಾಯೀಗೇ ಕೆಲ್ಸ ಮಾಡ್ನಿಲ್ವಲ್ಲ, ಇನ್ನು ನಮ್ ಮಕ್ಳಿಗೆ ಅದೆಂಗೆ ಮಾಡದು?" ಎಂದ.

ಗುರುಸಿದ್ದಮ್ಮ ಉಗಿದು ಕಳಿಸಿದಳು. ಆದರೆ ಮಾತು ಚುಚ್ಚಿತ್ತು. ಈ ಮರಿಯೂ ಸತ್ತರೆ ಕೆಂಪಯ್ಯನ ಮಾತನ್ನೇ ಇಡೀ ಬೀದಿ ಆಡುತ್ತದೆಂದು ಅವಳಿಗೆ ಗೊತ್ತಿತ್ತು.

ಅದೇ ವಾರ ದನಗಳ ದೊಡ್ಡರೋಗಕ್ಕೆ ಚುಚ್ಚುಮದ್ದು ಹಾಕಲು ನರಸೀಪುರದಿಂದ ಸರ್ಕಾರದ ದನದ ಡಾಕ್ಟರು ಬಂದು ಚಾವಡಿಯಲ್ಲಿ ಇಳಿದರು. ಗಂಗಾಧರಸ್ವಾಮಿ ಎಂದು ಹೆಸರು, ಇನ್ನೂ ಚಿಕ್ಕ ವಯಸ್ಸು. ಹಸು ಹಿಡಿದುಕೊಂಡು ಹೋದ ಗುರುಸಿದ್ದಮ್ಮನ ಮಡಿಲಲ್ಲಿ ಮರಿಯೂ ಇತ್ತು. ಅವಳು ಕೇಳದಿದ್ದರೂ ಡಾಕ್ಟರು ಅದನ್ನು ಎತ್ತಿಕೊಂಡು, ತುಟಿ ಮಗುಚಿ ಒಸಡು ನೋಡಿ, ಹೊಟ್ಟೆ ಅಮುಕಿದರು.

"ಹೊಟ್ಟೆ ತುಂಬ ಹುಳ ಇದೆಯಮ್ಮ. ರಕ್ತವೇ ಇಲ್ಲ ಮರಿಗೆ. ಈ ಸುಟ್ಟ ಗಾಯ ಯಾರು ಮಾಡಿದ್ದು?"

"ನಾನೇಯ. ಹುಳ ಅದೆ ಅಂತೀಯಲ್ಲ, ಒಳೀಕ್ ಓಗಿ ನೋಡ್ಕ ಬಂದ್ಯಾ ನೀನು?"

ಚಾವಡಿಯಲ್ಲಿ ಇದ್ದವರೆಲ್ಲ ನಕ್ಕರು. ಡಾಕ್ಟರೂ ನಕ್ಕು, ಬಿಳಿ ಪುಡಿಯ ಎರಡು ಪೊಟ್ಟಣ ಕೊಟ್ಟರು. ಒಂದನ್ನು ಈಗ ತಿನ್ನಿಸಿ ಮೇಲೆ ಹರಳೆಣ್ಣೆ ಕುಡಿಸಬೇಕು; ಇನ್ನೊಂದು ಹದಿನೈದು ದಿನ ಬಿಟ್ಟು. "ನಾಳೆ ಹುಳ ಬೀಳದಿದ್ದರೆ ನನ್ನ ಹೊಟ್ಟೆಗೇ ಬರೆ ಹಾಕಿಬಿಡಿ" ಎಂದರು.

ಆ ಆಸೆಗೇ ಇರಬೇಕು, ಗುರುಸಿದ್ದಮ್ಮ ಪುಡಿ ತಿನ್ನಿಸಿದಳು. ಮಾರನೆಯ ಬೆಳಿಗ್ಗೆ ಅಂಗಳದಲ್ಲಿ ಹುಳ ಬಿದ್ದಿದ್ದವು, ಶ್ಯಾವಿಗೆಯ ಉಂಡೆಯ ಹಾಗೆ, ಕೆಲವು ಇನ್ನೂ ಹೊರಳಾಡುತ್ತಿದ್ದವು. ಮರಿ ನಿತ್ರಾಣವಾಗಿ ಮೂಲೆಯಲ್ಲಿ ಮಲಗಿತ್ತು. ಅವಳಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ತಾನು ಕಾಣದ ಹುಳ ಈಗ ಎಲ್ಲಿಂದ ಬಂದವು? ಪುಡಿಯೇ ಹುಳವಾಗಿದೆ! ಸರ್ಕಾರದವನು ಹುಳದ ಬೀಜ ಕೊಟ್ಟು ಹೋಗಿದ್ದಾನೆ! ಕೆಂಪಯ್ಯನೂ ಬಂದು ನೋಡಿ, ಇದ್ದರೂ ಇರಬಹುದು ಎಂದು ತಲೆಯಾಡಿಸಿದ.

ಬೇರೆಯವರಾಗಿದ್ದರೆ ಅಷ್ಟಕ್ಕೇ ಡಾಕ್ಟರನ್ನು ಬೈದು ಸುಮ್ಮನಾಗುತ್ತಿದ್ದರು. ಗುರುಸಿದ್ದಮ್ಮನಿಗೆ ಅವನ ಮೋಸವನ್ನು ಊರಿಗೆಲ್ಲ ತೋರಿಸಬೇಕಿತ್ತು. ಉಳಿದ ಪೊಟ್ಟಣವನ್ನು ತೆಂಗಿನ ಚಿಪ್ಪಿಗೆ ಸುರಿದು, ಬಿಸಿನೀರು, ಹರಳೆಣ್ಣೆ ಹಾಕಿ, ಹೊಟ್ಟೆಯಷ್ಟೇ ಬೆಚ್ಚಗಿರಲೆಂದು ಒಲೆಯ ಪಕ್ಕ ಮುಚ್ಚಿಟ್ಟಳು. ಬೀಜವಾದರೆ ಹುಟ್ಟಲೇಬೇಕು. ಒಂದು ದಿನ ನೋಡಿದಳು, ಎರಡು ದಿನ ನೋಡಿದಳು. ಮೂರನೆಯ ದಿನವೂ ಚಿಪ್ಪಿನಲ್ಲಿ ಪುಡಿ ಪುಡಿಯಾಗೇ ಇತ್ತು. ಅಷ್ಟರಲ್ಲಿ ಮರಿ ಎದ್ದು, ಹೊಟ್ಟೆ ಇಳಿದು, ಅವಳ ಸೆರಗು ಕಚ್ಚಿ ಎಳೆಯುತ್ತಿತ್ತು.

ಚಿಪ್ಪು ಸುಳ್ಳು ಹೇಳುವುದಿಲ್ಲ. ಅವಳು ಮೊಂಡಿ, ಆದರೆ ಕಣ್ಣಾರೆ ಕಂಡದ್ದನ್ನು ಇಲ್ಲವೆನ್ನುವ ಜಾತಿಯವಳಲ್ಲ. ಎರಡನೆಯ ಪೊಟ್ಟಣ ಹಾಳಾಗಿತ್ತಲ್ಲ, ಮರಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಎರಡು ಹರದಾರಿ ನಡೆದು ನರಸೀಪುರಕ್ಕೆ ಹೋದಳು. ಚಿಪ್ಪಿನ ಸಂಗತಿ ಕೇಳಿ ಗಂಗಾಧರಸ್ವಾಮಿ ಬಯ್ಯಲಿಲ್ಲ. ಒಳ್ಳೆಯ ಪರೀಕ್ಷೆ ಮಾಡಿದಿರಿ ಎಂದು ಇನ್ನೊಂದು ಪೊಟ್ಟಣ ಕೊಟ್ಟರು. ಅವಳು ಹೊರಡಲಿಲ್ಲ.

"ಸಾ, ಮಕ್ಳ ಒಟ್ಟೇಲೂ ಇಂಗೇ ಇರ್ತವಾ?"

"ಇರುತ್ತೆ. ಹೊಟ್ಟೆ ಊದಿ ಕೈಕಾಲು ಒಣಗಿದ್ದರೆ ಎಷ್ಟೋ ಸಲ ಇದೇ. ಇಲ್ಲೇ ಆಸ್ಪತ್ರೆಯಲ್ಲಿ ಮನುಷ್ಯರ ಡಾಕ್ಟರಿದ್ದಾರೆ, ಅವರಿಗೆ ತೋರಿಸಬೇಕು."

ವಾಪಸು ಬರುವ ದಾರಿಯಲ್ಲಿ ಅವಳು ಎರಡು ಕಡೆ ಕೂತಳಂತೆ, ಸುಸ್ತಿಗಲ್ಲ. ಇಪ್ಪತ್ತೆಂಟು ವರ್ಷ ಬರೆ ಹಾಕಿದವಳು. ಬದುಕಿದವರ ಮುಖ ಒಂದೂ ನೆನಪಾಗಲಿಲ್ಲ. ಸತ್ತವರ ಹೊಟ್ಟೆಗಳು ಮಾತ್ರ ಒಂದೊಂದಾಗಿ ನೆನಪಾದವು, ಅವಳಿಗೆ ತಡೆಯಲಾರದಷ್ಟು ದುಃಖವಾಯಿತು.

ಊರಿಗೆ ಬಂದವಳು ಮನೆಗೆ ಹೋಗಲಿಲ್ಲ. ಹಿಂದಿನ ಬೀದಿಯ ಮುದ್ದಮ್ಮನ ಮನೆಗೆ ಹೋದಳು. ಮುದ್ದಮ್ಮನ ಮೂರು ವರ್ಷದ ಹೆಣ್ಣುಮಗು ಹಿಂದಿನ ಶ್ರಾವಣದಲ್ಲಿ, ಎರಡು ಸಲ ಬರೆ ಹಾಕಿಸಿಕೊಂಡು ತೀರಿಕೊಂಡಿತ್ತು. ಗುರುಸಿದ್ದಮ್ಮ ನಿಂತಲ್ಲೇ ಎಲ್ಲವನ್ನೂ ಹೇಳಿದಳು. "ನಿನ್ ಮಗೀಗೂ ಹುಳಾನೇ ಇದ್ದಾತು ಕಣೆ ಮುದ್ದಿ. ನಾನು ಸುಟ್ಬುಟ್ಟೆ" ಎಂದಳು.

ಮುದ್ದಮ್ಮ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು. "ದೇವ್ರು ಕಿತ್ಕಂಡ ಅಂತ ಸುಮ್ಕಿದ್ದೆ ಕಣಕ್ಕ. ಈಗ್ಯಾಕ್ ಬಂದು ಯೋಳ್ದೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸುದ್ದಿ ಹರಡಲು ಸಂಜೆಯೇನೂ ಆಗಬೇಕಿರಲಿಲ್ಲ. ಇಪ್ಪತ್ತೆಂಟು ವರ್ಷದ ಹೆಸರು ಒಂದೇ ದಿನದಲ್ಲಿ ಹೋಯಿತು. ಬರೆ ಬೇಕಾದವರು ಬೇರೆ ಊರಿಗೆ ಹೋಗಿ ಹಾಕಿಸಿಕೊಂಡು ಬಂದರು, ಬೈಯಬೇಕಾದವರು ಅವಳ ಮನೆ ಮುಂದೆಯೇ ಬೈದರು. ಮರಿ ಬೆಳೆದು ಕುರಿ ಕಾಯತೊಡಗಿತು; ಅದನ್ನು ನೋಡಿ ಅವಳಿಗೆ ಸಂತೋಷವಾಗಿದ್ದನ್ನು ಯಾರೂ ಕಂಡಿಲ್ಲ.

ಮುದ್ದಮ್ಮ ಮೂರು ವರ್ಷ ಅವಳೊಡನೆ ಮಾತು ಬಿಟ್ಟಿದ್ದಳು. ನಾಲ್ಕನೆಯ ವರ್ಷ ಒಂದು ಬೆಳಿಗ್ಗೆ, ಆಮೇಲೆ ಹುಟ್ಟಿದ, ಈಗ ಹೊಟ್ಟೆ ಊದಿದ ತನ್ನ ಗಂಡುಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಗುರುಸಿದ್ದಮ್ಮನ ಜಗಲಿಯ ಕೆಳಗೆ ಬಂದು ನಿಂತಳು. ಮುಖ ಆ ಕಡೆ ತಿರುಗಿಸಿಯೇ ಹೇಳಿದಳು:

"ಬರೆ ಆಕ್ಸಾಕ್ ಬಂದಿಲ್ಲ. ನರಸೀಪುರದ್ ಡಾಕ್ಟ್ರ ತಾವ ಕರ್ಕೊಂಡೋಗು, ನಡಿ."