ಐವತ್ತನೆಯ ಬಿಲ್ಲೆ

ನಾನು ಚಿಕ್ಕವನಿದ್ದಾಗ... ಎಂದು ಎರಡು ಸಲ ಕೆಮ್ಮಿ ಶುರುಮಾಡುವ ಹಕ್ಕು ನಿಮ್ಮ ಅಜ್ಜನದು, ಅಂದರೆ ನನ್ನ ಅಪ್ಪನದು. ನನ್ನ ತಲೆಯಲ್ಲಿ ಒಂದು ನರೆಗೂದಲೂ ಇಲ್ಲ. ಆದರೆ ಅಪ್ಪನ ಕೆಮ್ಮನ್ನು ಹಾಗೇ ಮಾಡಿ ತೋರಿಸುತ್ತೇನೆಂದು ಅಕ್ಕನ ಮಕ್ಕಳಾದ ನೀವು ನನ್ನನ್ನು ಮಾವ ಎನ್ನದೆ 'ಚಿಕ್ಕಜ್ಜ' ಎನ್ನುತ್ತೀರಿ. ಆಗಲಿ ಮೊಮ್ಮಕ್ಕಳೇ, ಕೇಳಿ. ನಿಮ್ಮ ಅಮ್ಮನ ಮೇಜಿನ ಮೇಲಿನ ನೀಲಿ ಬಿಲ್ಲೆ ಯಾರದೆಂದು ಕೇಳಿದ್ದೀರಲ್ಲ, ಅದರ ಕಥೆ ಇದು.

ಆಗ ನಾವು ಮುಂಬಯಿ ಹತ್ತಿರದ ಡೊಂಬಿವಲಿಯ ಒಂದು ಹಳೇ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿದ್ದೆವು. ಒಂದು ಕೋಣೆ, ಒಂದು ಅಡುಗೆಮನೆ. ಕಾರ್ಖಾನೆಗಳೇ ತುಂಬಿದ ವಾಗ್ಳೆ ಎಸ್ಟೇಟಿನ ಒಂದು ಕ್ಯಾಂಟೀನಿನಲ್ಲಿ ಅಡುಗೆಗಿದ್ದ ಅಪ್ಪ ನಾನು ಏಳುವ ಮೊದಲೇ ಲೋಕಲ್ ರೈಲು ಹಿಡಿಯುತ್ತಿದ್ದರು. ನನ್ನ ಅಮ್ಮ ನನಗೆ ಗೊತ್ತಿದ್ದದ್ದು ಫೋಟೋದಲ್ಲಿ ಮಾತ್ರ. ಉಳಿದಿದ್ದೆಲ್ಲ ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು. ದೋಸೆ ಹೊಯ್ದು, ಚೀಲ ತುಂಬಿಸಿ, ಮೂಗು ಕಿತ್ತೇ ಬರುವ ಹಾಗೆ ಒರೆಸಿ ಶಾಲೆಗೆ ಅಟ್ಟುತ್ತಿದ್ದಳು.

ಶಾಲೆ ಮರಾಠಿಯದು. ಟೀಚರಿಗೆ ಅಲ್ಲಿ 'ಬಾಯಿ' ಎನ್ನುತ್ತಿದ್ದರು. ಬಾಯಿ ಮೂಗಿನಲ್ಲಿ ಮಗ್ಗಿ ಹೇಳುವುದನ್ನು ನಾನು ರಾಗ ಸಮೇತ ಅಣಕಿಸಿದರೆ ಇಡೀ ಕ್ಲಾಸು ನಗುತ್ತಿತ್ತು. ನನಗೆ ಬರುತ್ತಿದ್ದದ್ದು ರಾಗ ಮಾತ್ರ. ನಲವತ್ತೊಂಬತ್ತಕ್ಕೆ ಮರಾಠಿಯಲ್ಲಿ 'ಎಕೋಣ್‌ಪನ್ನಾಸ್' ಎನ್ನುತ್ತಾರೆ. ಏಕ್ ಎಂದರೆ ಒಂದು, ಪನ್ನಾಸ್ ಎಂದರೆ ಐವತ್ತು. ನಡುವೆ ಇಂಗ್ಲಿಷಿನ 'ಆನ್' ಕೂತಿದೆ, ಹಾಗಾದರೆ ಐವತ್ತರ ಮೇಲೊಂದು ಎಂದುಕೊಂಡು ಪ್ರತಿ ಸಲ ಐವತ್ತೊಂದು ಬರೆದೆ. ಐವತ್ತೊಂದಕ್ಕೆ ಅವರು ಹೇಳುವ 'ಎಕ್ಕಾವನ್' ನನ್ನ ಅಡ್ಡಹೆಸರೇ ಆಯಿತು. ನಾನೂ ಎಲ್ಲರ ಜೊತೆ ನಕ್ಕೆ. ಮನೆಗೆ ಬಂದ ಮೇಲೆ ನಗು ಬರಲಿಲ್ಲ.

ಆ ವರ್ಷ ಅಕ್ಕನಿಗೆ ಉಡುಪಿಯಲ್ಲಿ ಟೀಚರ್ ತರಬೇತಿಗೆ ಸೀಟು ಸಿಕ್ಕಿತು. ಎರಡು ವರ್ಷ ದೊಡ್ಡಮ್ಮನ ಮನೆಯಲ್ಲಿರಬೇಕು. "ಇವನಿಗೆ ನಲವತ್ತೊಂಬತ್ತು ಬಾರದೆ ನಾನು ರೈಲು ಹತ್ತುದಿಲ್ಲಪ್ಪ," ಎಂದು ಅಪ್ಪನಿಗೆ ನಗುತ್ತ ಹೇಳಿದಳು. ನಾನು ನಗುವನ್ನು ಬಿಟ್ಟು ಮಾತನ್ನಷ್ಟೇ ಹಿಡಿದುಕೊಂಡೆ.

ಎದುರುಮನೆಯ ಬಾತ್‌ರೂಮು ಒಡೆದು ಮೆಟ್ಟಿಲ ಮೇಲೆ ರಾಶಿ ಹಾಕಿದ್ದರಲ್ಲಿ ಅಕ್ಕ ಬಿಸ್ಕತ್ತಿನಷ್ಟಗಲದ ಐವತ್ತು ನೀಲಿ ಟೈಲ್ಸ್ ಬಿಲ್ಲೆ ಆರಿಸಿ ತಂದಳು. ಸಿಮೆಂಟು ಉಜ್ಜಿ, ಬಕೆಟ್ಟಿನಲ್ಲಿ ತೊಳೆದು, ಡಬ್ಬಿಗೆ ತುಂಬಿದಳು. ಮುಚ್ಚಳ ತೆಗೆದರೆ ಒದ್ದೆ ಸುಣ್ಣದ ವಾಸನೆ. ಅಂಗೈಗೆ ತಣ್ಣಗೆ, ನೆಲಕ್ಕೆ ತಾಗಿದರೆ ಟಣ್. ದಿನಾ ಅದರಲ್ಲಿ ನಾವು ಲೋಕಲ್ ಗಾಡಿ ಮಾಡಿದೆವು, ಪ್ಲಾಟ್‌ಫಾರ್ಮು ಮಾಡಿದೆವು. ಬೋಗಿಗೆ ಐದೈದು ಬಿಲ್ಲೆ, ಹತ್ತು ಬೋಗಿ.

ಹೊರಡುವ ದಿನ ಬೆಳಿಗ್ಗೆ ಬ್ಯಾಗು ಬಾಗಿಲಲ್ಲಿತ್ತು. ರಜೆ ಹಾಕಿದ್ದ ಅಪ್ಪ ಅದರ ಪಕ್ಕ ಕೂತಿದ್ದರು. ಅಕ್ಕ ಬಿಲ್ಲೆಗಳನ್ನು ಸುರಿದಳು.

"ಚೌಕ ಮಾಡು ನೋಡುವ. ನಾಕೂ ಬದಿ ಸಮ ಬರ್ಬೇಕು."

ಏಳರ ಏಳು ಸಾಲು ಜೋಡಿಸಿದೆ. ಕೈಯಲ್ಲಿ ಒಂದು ಉಳಿಯಿತು.

"ಕೈಲಿ ಇದ್ದದ್ದು ಬಿಟ್ಟು ಎಷ್ಟು ಮಾರಾಯ? ಏಕ್, ಊಣ್. ನಮ್ಮ 'ಊನ'ವೇ ಅದು. ಐವತ್ತಕ್ಕೆ ಒಂದು ಕಡಿಮೆ."

ಆ ಕ್ಷಣ ನನಗೆ ತಿಳಿದೇಹೋಯಿತು. ತಿಳಿದ ಮುಖವನ್ನು ತಕ್ಷಣ ಎಮ್ಮೆಯ ಮುಖ ಮಾಡಿಕೊಂಡು, ಉಳಿದ ಬಿಲ್ಲೆಯನ್ನು ಬೆನ್ನ ಹಿಂದೆ ಅಡಗಿಸಿ, "ಎಕ್ಕಾವನ್" ಎಂದೆ.

ಅಕ್ಕ ಮತ್ತೆ ಕೇಳಿದಳು. ಮತ್ತೆ ಎಕ್ಕಾವನ್. ಆಮೇಲೆ ಅವಳು ನನ್ನ ಬೆನ್ನ ಹಿಂದಿನ ಕೈ ನೋಡಿದಳು.

"ಐವತ್ತೊಂದು ಆಗ್ಲಿಕ್ಕೆ ಇನ್ನೂ ಒಂದು ಬಿಲ್ಲೆ ಬೇಕು. ನಿಜವಾಗಿ ಗೊತ್ತಿಲ್ಲದಿದ್ರೆ ಅದನ್ನು ಹುಡುಕ್ತಿದ್ದಿ. ನೀನು ಹುಡುಕ್ಲಿಲ್ಲ, ಇದ್ದದ್ದನ್ನೇ ಅಡಗಿಸಿದಿ. ಊರಿನವರ ಸ್ವರ ಎಲ್ಲ ಬರ್ತದೆ ನಿಂಗೆ, ದಡ್ಡನ ವೇಷ ಮಾತ್ರ ಬರುದಿಲ್ಲ."

"ನಹೀ ಆತಾ! ನಂಗೆ ಲೆಕ್ಕ ಬರುದಿಲ್ಲ!" ಎಂದು ಕಿರುಚಿದೆ. "ಬಂದ್ರೆ ನೀನು ಹೋಗ್ತೀಯಲ್ಲ!"

ಅಪ್ಪ ಎದ್ದು ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದರು. ಅಕ್ಕ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಆ ಬಿಲ್ಲೆಯನ್ನು ತೆಗೆದು ತನ್ನ ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡಳು.

"ಈಗ ನಿನ್ನತ್ರ ಎಷ್ಟುಂಟು?"

"ಎಕೋಣ್‌ಪನ್ನಾಸ್," ಎಂದೆ. ಯಾರ ಸ್ವರವನ್ನೂ ತೆಗೆಯಲಿಲ್ಲ. ನನ್ನದೇ ಸ್ವರ, ಸ್ವಲ್ಪ ಒಡಕು.

ಠಾಣೆ ಸ್ಟೇಷನ್ನಿಗೆ ಮಂಗಳೂರು ರೈಲು ಬಂದು, ಅವಳನ್ನು ಹತ್ತಿಸಿಕೊಂಡು ಹೋಯಿತು. ಮರುದಿನ ಶಾಲೆಯಿಂದ ಬಂದು, ಕೊರಳಿಗೆ ಕಟ್ಟಿಕೊಂಡಿದ್ದ ಕೀಲಿಯಿಂದ ನಾನೇ ಬೀಗ ತೆಗೆದೆ. "ಕೈಕಾಲು ತೊಳೆದ್ಯಾ?" ಎಂದು ಅಕ್ಕನ ಸ್ವರದಲ್ಲಿ ಕೇಳಿ, ನನ್ನ ಸ್ವರದಲ್ಲಿ "ಹೂಂ" ಎಂದೆ. ಅಣಕು ಬಹಳ ಚೆನ್ನಾಗಿ ಬಂದಿತ್ತು. ತಲೆಗೆ ಮೊಟಕುವವರು ಇರಲಿಲ್ಲ. ಬಿಲ್ಲೆ ಜೋಡಿಸಿದೆ. ಈ ಸಲ ಒಂದೂ ಉಳಿಯದೆ ಚೌಕ ಪೂರ್ತಿಯಾಯಿತು. ಅವಳಿಲ್ಲದೆ ಪೂರ್ತಿಯಾದದ್ದಕ್ಕೆ ಅದನ್ನು ಕಾಲಿನಿಂದ ಚೆದುರಿಸಿಬಿಟ್ಟೆ.

ಎರಡು ವರ್ಷಕ್ಕೆಂದು ಹೋದವಳು ಅಲ್ಲೇ ಟೀಚರಾಗಿ, ಅಲ್ಲೇ ಮದುವೆಯಾಗಿ, ನಿಮ್ಮ ಅಮ್ಮನಾದಳು. ಕೆಲಸ ಬಿಟ್ಟ ಮೇಲೆ ಅಪ್ಪನೂ ಅಲ್ಲಿಗೇ ಬಂದರು. ನಿಮ್ಮ ಶಾಲೆಯಲ್ಲಿ ಲೆಕ್ಕಕ್ಕೆಂದೇ ಬಣ್ಣದ ಬ್ಲಾಕುಗಳ ಕಪಾಟಿದೆಯಂತೆ. ಟ್ಯಾಬ್‌ನಲ್ಲಿ ಒಂದು ಬಿಲ್ಲೆ ಕಡಿಮೆಯಾದರೆ ಬೆರಳೊತ್ತಿದಾಗ ಇನ್ನೊಂದು ಹುಟ್ಟುತ್ತದಂತೆ. ನಿಮ್ಮ ಚೌಕದಲ್ಲಿ ಊನವೇ ಇಲ್ಲ. ಭಾನುವಾರ ವಿಡಿಯೊ ಕಾಲ್‌ನಲ್ಲಿ ನೀವಿಬ್ಬರು, ಅಕ್ಕ, ಭಾವ, ಹಿಂದೆ ಕೆಮ್ಮುವ ಅಪ್ಪ, ಎಲ್ಲರೂ ಒಂದೇ ಚೌಕದೊಳಗೆ ಹಿಡಿಯುತ್ತೀರಿ. ನಾನು ಕೆಮ್ಮಿ ನಗಿಸುತ್ತೇನೆ. ಕರೆ ಮುಗಿದ ಮೇಲೆ ಡೊಂಬಿವಲಿಯ ಅದೇ ಕೋಣೆಯಲ್ಲಿ ಡಬ್ಬಿ ತೆಗೆದು ಎಣಿಸುತ್ತೇನೆ. ಇವತ್ತೂ ಅಷ್ಟೇ ಇದೆ, ಎಕೋಣ್‌ಪನ್ನಾಸ್.