ಮೂಕಾಂಬಿಕಾ ಮೇಡಂ ಕೊಯ್ದ ಮಲ್ಲಿಗೆ

ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ ಉಡುಪಿ ಜಿಲ್ಲೆಯಲ್ಲಿ ಆಸರೆ ಕೊಟ್ಟವರು ಹಲವರಿದ್ದಾರೆ. ಆದರೆ ಅವರನ್ನು ಅವರದೇ ಮನೆಯಲ್ಲಿ ಉಳಿಸಬೇಕೆಂದು ಹಟ ಹಿಡಿದವರಲ್ಲಿ ಮೊದಲು ನೆನಪಾಗುವ ಹೆಸರು ಶ್ರೀಮತಿ ಮೂಕಾಂಬಿಕಾ ಅವರದು. ಪೆಟ್ಟು ತಿಂದವಳೇ ಮನೆಯನ್ನೂ ಬಿಡಬೇಕೆಂಬುದು ಯಾವ ನ್ಯಾಯವೆಂದು ಅವರು ಸಭೆಗಳಲ್ಲಿ ಕೇಳಿದಾಗಲೆಲ್ಲ ಮೇಲಧಿಕಾರಿಗಳಿಗೆ ತುರ್ತಾಗಿ ಫೋನು ಬಂದು, ಅವರು ಎದ್ದು ಹೊರಗೆ ಹೋಗುತ್ತಿದ್ದರು. ಸಾಂತ್ವನ ಕೇಂದ್ರದ ಆಪ್ತಸಮಾಲೋಚಕಿಯಾಗಿ ಅವರೊಡನೆ ದುಡಿದ, ಅವರಿಂದ ಧಾರಾಳವಾಗಿ ಬೈಸಿಕೊಂಡ ನನಗೆ ಅವರ ನಿವೃತ್ತಿಯ ಈ ಅಭಿನಂದನ ಗ್ರಂಥದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ಒದಗಿದೆ.

ಕಾರ್ಕಳ ತಾಲೂಕಿನ ಬಜಗೋಳಿಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿ ಸೇವೆಗೆ ಸೇರಿದ ಮೇಡಂ, ಮಕ್ಕಳ ತೂಕ ನೋಡಲು ಹೋದ ಮನೆಗಳಲ್ಲಿ ತಾಯಂದಿರ ತೋಳಿನ ಬಾಸುಂಡೆಗಳನ್ನೂ ನೋಡಿ ಬರುತ್ತಿದ್ದರು. ಬಡ್ತಿ ಪಡೆದು ಉಡುಪಿಗೆ ಬಂದು ದೌರ್ಜನ್ಯ ತಡೆ ಕಾನೂನಿನ ಸಂರಕ್ಷಣಾಧಿಕಾರಿಯ ಹೊಣೆ ಹೊತ್ತ ಮೇಲೆ, ಮಲ್ಪೆಯಲ್ಲಿ ಮೀನು ಹೊರುವವರಿಂದ ಹಿಡಿದು ಮಣಿಪಾಲದಲ್ಲಿ ಪಾಠ ಹೇಳುವವರವರೆಗೆ, ಬಂದವರಿಗೆಲ್ಲ ಅವರ ಕೋಣೆಯಲ್ಲಿ ಒಂದೇ ಕುರ್ಚಿ, ಒಂದೇ ಬಗೆಯ ಚಹಾ. ಆ ಚಹಾ ಬಾಯಿಗಿಡುವಂತಿರಲಿಲ್ಲ, ಏಕೆಂದರೆ ಅದನ್ನು ಮಾಡುತ್ತಿದ್ದವರು ಸ್ವತಃ ಮೇಡಂ.

ಅವರ ಸೇವೆಯನ್ನು ಅಳೆಯಲು ನನಗೆ ಗುಣವತಿಯವರ ಪ್ರಕರಣವೊಂದೇ ಸಾಕು. ಕಾಪುವಿನ ಬಳಿಯ ಈ ಮಹಿಳೆ, ಗಲ್ಫಿನಿಂದ ಕೆಲಸ ಬಿಟ್ಟು ಬಂದ ಗಂಡ ಸರ್ವೋತ್ತಮನ ಹೊಡೆತ ತಾಳಲಾರದೆ ಮಗಳು ಭವ್ಯಶ್ರೀಯ ಕೈಹಿಡಿದು ನಮ್ಮ ಕೇಂದ್ರಕ್ಕೆ ಬಂದಿದ್ದರು. ಪರ್ಕಳದಲ್ಲಿ ಬಾಡಿಗೆ ಕೋಣೆ ನೋಡೋಣವೆಂದು ನಾವೆಲ್ಲ ಸೂಚಿಸಿದೆವು. ಅವರಿಗೆ ಬೇಕಿದ್ದುದು ಕೋಣೆಯಲ್ಲ. ಮನೆಯಂಗಳದಲ್ಲಿ ಅವರೇ ನೆಟ್ಟು ಬೆಳೆಸಿದ ಮಲ್ಲಿಗೆ ಗಿಡಗಳಿದ್ದವು. ಆ ಹೂವಿನ ಆದಾಯದಲ್ಲೇ ಸಂಸಾರ ಮತ್ತು ಮಗಳ ಓದು ಸಾಗುತ್ತಿತ್ತು. ಹಿಂದಿರುಗದಿದ್ದರೆ ಗಿಡಗಳನ್ನು ಕಡಿಯುವೆನೆಂದು ಗಂಡ ಹೇಳಿ ಕಳುಹಿಸಿದ್ದ. ಹಾಗಾಗಿ ಪೆಟ್ಟು ತಿಂದರೂ ಚಿಂತೆಯಿಲ್ಲ, ಮನೆಗೇ ಹೋಗುತ್ತೇನೆಂದು ಗುಣವತಿ ಎದ್ದು ನಿಂತರು.

ಮೇಡಂ ಗುಣವತಿಯವರನ್ನು ಕೂರಿಸಿ, “ಹೋಗುವ, ಆದರೆ ಪೆಟ್ಟು ತಿನ್ನಲಿಕ್ಕಲ್ಲ, ಹೂ ಕೊಯ್ಯಲಿಕ್ಕೆ. ನಾನೂ ಬರ್ತೇನೆ” ಎಂದರು.

ಗುಣವತಿಯ ಮೇಲೆ ಕೈಮಾಡಬಾರದು, ಗಿಡಗಳನ್ನು ಮುಟ್ಟಬಾರದು ಎಂಬ ಆದೇಶ ನ್ಯಾಯಾಲಯದಿಂದ ಬೇಗನೆ ಸಿಕ್ಕಿತು. ಗಂಡನೇ ಮನೆಯಿಂದ ಹೊರಗಿರಬೇಕೆಂಬ ಆದೇಶಕ್ಕೆ ಕಾಯಬೇಕಿತ್ತು, ಮೊಗ್ಗು ಕಾಯುವುದಿಲ್ಲವಲ್ಲ. ಆದ್ದರಿಂದ ಮೇಡಂ, ಪೊಲೀಸ್ ಠಾಣೆಯ ಲವಿಟಾ ಮತ್ತು ನಾನು ದಿನಾ ನಸುಕಿನಲ್ಲಿ ಗುಣವತಿಯವರನ್ನು ಕೇಂದ್ರದಿಂದ ಕರೆದುಕೊಂಡು ಆ ಅಂಗಳಕ್ಕೆ ಇಳಿಯುತ್ತಿದ್ದೆವು. ಮೊದಲ ದಿನವೇ ಸರ್ವೋತ್ತಮ ಕತ್ತಿ ಹಿಡಿದು ಜಗಲಿಯಿಂದ ಇಳಿದು ಬಂದು, ಸರಕಾರಿ ಅಧಿಕಾರಿಗಳಿಗೆ ಹೂ ಕೊಯ್ಯುವ ಕೆಲಸವೂ ಉಂಟಾ ಎಂದು ಕೇಳಿದ. ಮೇಡಂ ಗಿಡಕ್ಕೂ ಅವನಿಗೂ ನಡುವೆ ನಿಂತು, ಕೊಯ್ಯುತ್ತಲೇ ಹೇಳಿದರು: “ಉಂಟು. ಇವತ್ತಿನಿಂದ.”

ಲವಿಟಾ ಕೈಚಾಚಿದಾಗ ಅವನು ಕತ್ತಿ ಕೊಟ್ಟು ಒಳಗೆ ಹೋದ. ಹಿಂದಿರುಗುವಾಗ ಜೀಪಿನಲ್ಲಿ ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಮೇಡಂಗೆ ಮೂರು ಸಲವೂ ಆಗದೆ, ಗುಣವತಿಯೇ ತೆಗೆದುಕೊಟ್ಟರು. ಮೇಡಂ ಅವರನ್ನು ಧೀರೆಯೆಂದು ಹೊಗಳುವವರು ಇದನ್ನೂ ತಿಳಿದಿರಬೇಕು, ನನಗೆ ಅವರ ಮೇಲೆ ಅತಿ ಹೆಚ್ಚು ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ.

ಕೊಯ್ದದ್ದು ಸಾಲದೆ ಬಾಳೆನಾರಿನಲ್ಲಿ ಕಟ್ಟಲೂ ಮೇಡಂ ಕೂತರು. ಅವರು ಕಟ್ಟಿದ ಮಲ್ಲಿಗೆ ಚೆಂಡನ್ನು ಹೂವಿನ ವ್ಯಾಪಾರಿ ಜಿತೇಂದ್ರ ಎತ್ತಿದೊಡನೆ ಮೊಗ್ಗೆಲ್ಲ ಉದುರಿ, ನಾರು ಮಾತ್ರ ಅವನ ಕೈಯಲ್ಲುಳಿಯಿತು. ಎರಡನೆಯ ಚೆಂಡನ್ನು ಅವನು ಮುಟ್ಟಲೇ ಇಲ್ಲ. ಅದನ್ನು ಮುಡಿದುಕೊಂಡೇ ಮೇಡಂ ಅಂದು ನ್ಯಾಯಾಲಯಕ್ಕೆ ಹೋದರು. ಅಷ್ಟು ಹೂವನ್ನು ಮದುಮಗಳೂ ಮುಡಿದದ್ದನ್ನು ನಾನು ಕಂಡಿಲ್ಲ. ಬಂದ ದಿನದಿಂದ ನಗದಿದ್ದ ಗುಣವತಿ ಅಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು.

ಮಳೆಗಾಲಕ್ಕೆ ಮುಂಚೆ ಎರಡನೆಯ ಆದೇಶವೂ ಬಂದು, ಸರ್ವೋತ್ತಮ ಮನೆ ತೆರವು ಮಾಡಿದ. ತಾಯಿ ಮಗಳು ತಮ್ಮ ಮನೆ ಸೇರಿದರು.

ಕಳೆದ ತಿಂಗಳು ಮಣಿಪಾಲದ ಕಚೇರಿಯಲ್ಲಿ ನಡೆದ ಬೀಳ್ಕೊಡುಗೆಯಲ್ಲಿ, ನಮ್ಮ ಉದ್ದುದ್ದ ಭಾಷಣಗಳಿಗೆಲ್ಲ ಮೇಡಂ ಕಣ್ಣು ಒದ್ದೆಯಾಗಲಿಲ್ಲ. ಸಭೆ ಮುಗಿದ ಮೇಲೆ ಗುಣವತಿ ಬಾಗಿಲ ಬಳಿ ಅವರನ್ನು ತಡೆದು, “ನಾಳೆಯಿಂದ ಬೆಳಿಗ್ಗೆ ಎಂತ ಮಾಡ್ತೀರಿ ಮೇಡಂ? ಹೂ ಕೊಯ್ಯಲಿಕ್ಕೆ ಬನ್ನಿ. ಕಟ್ಟುವುದು ಮಾತ್ರ ಬೇಡ” ಎಂದರು. ಆಗ ಮೇಡಂ ಕನ್ನಡಕ ತೆಗೆದರು.

ಪೂಜ್ಯ ಮೇಡಂ ಅವರಿಗೆ ಆಯುರಾರೋಗ್ಯ ತುಂಬಿರಲಿ, ಕೊಯ್ಯುವ ಕೈ ದಣಿಯದಿರಲಿ ಎಂದು ಮನಸಾರೆ ಹಾರೈಸುತ್ತೇನೆ. ಹೊಸ ಕೆಲಸಕ್ಕೆ ಅವರು ಆಗಲೇ ಹಾಜರಾಗಿದ್ದಾರೆ. ನಿವೃತ್ತಿಯ ಮರುದಿನ ನಸುಕಿನಲ್ಲಿ ಆ ಅಂಗಳಕ್ಕೆ ಪೊಲೀಸರಿಲ್ಲದೆ, ಆದೇಶವಿಲ್ಲದೆ, ಒಬ್ಬರೇ ಹೋದರಂತೆ. ಗುಣವತಿ ತಮ್ಮ ಮನೆಯ ಬಾಗಿಲು ತೆರೆದು, ಒಳಗೆ ಬನ್ನಿ, ಮೊದಲು ಚಹಾ ಕುಡಿಯಿರಿ ಎಂದರಂತೆ.